ಬರೀ ಕಳ್ಳತನವೆಂದು ಹೊರಟವನಿಗೆ

ಶಿಕಾರಿಪುರ, ಸೊರಬ ಸೀಮೆಯ ಹುಡುಗರೇ,

ಅಡಿಕೆ ಸುಗ್ಗಿ ಮುಗಿದು ಮಂಡಿಯ ದುಡ್ಡು ಮನೆ ಸೇರುವ ಹೊತ್ತಿಗೆ ನಮ್ಮಲ್ಲಿ ಇನ್ನೊಂದು ಲೆಕ್ಕವೂ ಶುರುವಾಗುತ್ತದೆ. ಯಾರ ಮನೆಯಲ್ಲಿ ಎಷ್ಟು ಚೀಲ ತೂಗಿತು, ಯಾರ ಮಗ ಬೆಂಗಳೂರು ಸೇರಿದ, ಯಾವ ತೋಟದ ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ ಇದ್ದಾರೆ. ಚಹಾದಂಗಡಿ ಕಟ್ಟೆಯಲ್ಲಿ ಇದು ಊರ ಸುದ್ದಿ ಅಷ್ಟೇ. ಸಾಲ ಕುತ್ತಿಗೆಗೆ ಬಂದವನ ಕಿವಿಗೆ ಮಾತ್ರ ಬೇರೆ ಥರ ಕೇಳಿಸುತ್ತದೆ. ಇವತ್ತು ನನ್ನ ಮಾತು ಅವನ ಜೊತೆ. ಉಳಿದವರು ಕೇಳಿಸಿಕೊಂಡರೆ ನಷ್ಟವೇನಿಲ್ಲ.

ನೀನು ಕೊಲೆಗಡುಕನಲ್ಲ, ಗೊತ್ತಪ್ಪ. ಹೆದರಿಸಿ ನಾಲ್ಕು ಬಳೆ, ಒಂದು ಸರ ಕಿತ್ತುಕೊಂಡು ಬರೋಣ ಅನ್ನುವಷ್ಟೇ ನಿನ್ನ ಯೋಚನೆ. ಆದರೆ ನಮ್ಮ ಸೀಮೆಯಲ್ಲಿ ನಿನ್ನ ಗುರುತಿಲ್ಲದ ಮನೆ ಯಾವುದಿದೆ ಹೇಳು. ಶಿರಾಳಕೊಪ್ಪದ ಸಂತೆ, ಹುಚ್ಚರಾಯಸ್ವಾಮಿ ತೇರು, ಚಂದ್ರಗುತ್ತಿ ಜಾತ್ರೆ, ದೀಪಾವಳಿ ಕಳೆದ ಮೇಲಿನ ಹೋರಿ ಹಬ್ಬ ಎಲ್ಲಾ ಕಡೆ ನಿನ್ನನ್ನು ಕಂಡವರೇ. ಮುಖಕ್ಕೆ ಟವಲ್ ಸುತ್ತಿದರೂ ನಡಿಗೆ, ಕೆಮ್ಮು, ದನಿ ಮುಚ್ಚುವುದಿಲ್ಲ. ಕತ್ತಲಲ್ಲಿ ಆ ಅಜ್ಜಿ, "ಯಾರಾ ಅದು, ಮೇಲಿನಮನೆ ಹುಡುಗನೇನಾ?" ಅಂದಳು ಅಂತಿಟ್ಟುಕೋ. ಓಡಿದರೆ ಬೆಳಗಾಗುವುದರೊಳಗೆ ಪೊಲೀಸರು ನಿನ್ನ ಮನೆ ಬಾಗಿಲಲ್ಲಿ. ಓಡದಿದ್ದರೆ ಅವಳ ಬಾಯಿ ಮುಚ್ಚಿಸಬೇಕು. ಸುಲಿಗೆ ಕೊಲೆಗೆ ತಿರುಗುವುದು ಈ ಗಳಿಗೆಯಲ್ಲಿ. ಕೈಯಲ್ಲಿ ಕಬ್ಬಿಣದ ಸರಳಿದ್ದರೆ ಅದು ಯೋಚಿಸಲು ಬಿಡುವುದಿಲ್ಲ.

ಮಂಗಳೂರಿನ ಹತ್ತಿರ ವಾಮಂಜೂರು ಅಂತ ಊರಿದೆ. 1994ರ ಫೆಬ್ರವರಿಯ ಒಂದು ರಾತ್ರಿ ಅಲ್ಲಿನ ಒಂದು ಮನೆಯಲ್ಲಿ ನಾಲ್ಕು ಜೀವ ಹೋದವು: ವಯಸ್ಸಾದ ಹೆಂಗಸು, ಆಕೆಯ ಮಗ, ಮಗಳು, ಇನ್ನೂ ಶಾಲೆಯ ವಯಸ್ಸಿನ ಮೊಮ್ಮಗಳು. ಕೊಂದು ಒಡವೆ ಒಯ್ದವನು ದಾರಿಹೋಕನಲ್ಲ, ಆಕೆಗೆ ಸೋದರಳಿಯ, ಉಪ್ಪಿನಂಗಡಿಯ ಟೈಲರ್ ಪ್ರವೀಣ್ ಕುಮಾರ್. ಲಾಟರಿ ಚಟ, ಅದರಿಂದ ಸಾಲ. ಬಳಗದವನೆಂದೇ ಆ ಮನೆಯ ಬಾಗಿಲು ತೆರೆದಿತ್ತು. ಬಳಗದವನಾದ್ದರಿಂದಲೇ ಒಬ್ಬರನ್ನೂ ಸಾಕ್ಷಿಯಾಗಿ ಉಳಿಸುವಂತಿರಲಿಲ್ಲ. ಮಗುವನ್ನೂ ಬಿಡಲಿಲ್ಲವಲ್ಲ ಎಂದರೆ ನನಗೆ ಬೇರೆ ಕಾರಣ ತೋಚುವುದಿಲ್ಲ.

ಸಿಕ್ಕ, ತಪ್ಪಿಸಿಕೊಂಡ, ಮತ್ತೆ ಸಿಕ್ಕ. ಮರಣದಂಡನೆಯಾಯಿತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತು 2013ರಲ್ಲಿ ತಿರಸ್ಕಾರವಾಯಿತು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ದೇಶದ ಹದಿನೈದು ಮಂದಿಯ ಗಲ್ಲು ತಪ್ಪಿಸಿ ಜೀವಾವಧಿ ಮಾಡಿದಾಗ ಇವನೂ ಅವರಲ್ಲೊಬ್ಬ. ಅರ್ಜಿ ಇತ್ಯರ್ಥಕ್ಕೆ ಸರ್ಕಾರ ವಿಪರೀತ ತಡಮಾಡಿತು ಅನ್ನುವುದಕ್ಕೆ ಸಿಕ್ಕ ರಿಯಾಯಿತಿ ಅದು. ಅಪರಾಧ ಸಣ್ಣದೆಂದು ಯಾರೂ ಹೇಳಲಿಲ್ಲ.

"ಹಾಗಾದರೆ ಯಾರನ್ನೂ ನೇಣಿಗೆ ಹಾಕಲ್ವಲ್ಲ" ಅನ್ನುವ ಜಾಣರಿದ್ದಾರೆ. ನಿಜ, ಬೆಳಗಾವಿಯ ಹಿಂಡಲಗಾ ಜೈಲಿನ ಗಲ್ಲುಗಂಬಕ್ಕೆ ದಶಕಗಳಿಂದ ಕೆಲಸವಿಲ್ಲ. ಗಲ್ಲು ಇರಲೇಬಾರದು ಅನ್ನುವವನೇ ನಾನೂ. ಅದು ಬೇರೆ ಜಗಳ. ಆದರೆ ನೇಣಿಗೆ ಹಾಕದೆ ಇರಿಸಿಕೊಳ್ಳುವುದೆಂದರೆ ಏನೆಂದು ಉಮೇಶ್ ರೆಡ್ಡಿಯ ಪ್ರಕರಣ ನೋಡಿ ತಿಳಿ. ಅತ್ಯಾಚಾರ, ಸುಲಿಗೆ, ಕೊಲೆಗೆ 2006ರಲ್ಲಿ ಗಲ್ಲುಶಿಕ್ಷೆಯಾದವನು ಬೆಳಗಾವಿ ಜೈಲಿನ ಒಂಟಿ ಕೋಣೆಯಲ್ಲಿ ಹತ್ತು ವರ್ಷ ಕಳೆದ. ಹಾಗೆ ಇಟ್ಟದ್ದು ಕಾನೂನುಬಾಹಿರ ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡಿತು. ಜೊತೆಗೇ ಕನಿಷ್ಠ ಮೂವತ್ತು ವರ್ಷ ಒಳಗಿರಬೇಕೆಂದೂ ಬರೆಯಿತು. ಅವನ ಮೇಲೆ ನನಗೆ ಕನಿಕರವೇನೂ ಇಲ್ಲ. ಇಪ್ಪತ್ತೆರಡಕ್ಕೆ ಒಳಹೋದವನು ಮೂವತ್ತು ವರ್ಷ ಕಳೆದು ಬರುವಾಗ ಅಪ್ಪ-ಅಮ್ಮ ಇರುತ್ತಾರೆಯೇ, ಲೆಕ್ಕ ನೀನೇ ಹಾಕು.

ಓದಿದವರು ಹೀಗೆ ಮಾಡುವುದಿಲ್ಲ ಅಂದುಕೊಳ್ಳಬೇಡ. ಪುಣೆಯಲ್ಲಿ 1976ರ ಜನವರಿಯಿಂದ 1977ರ ಮಾರ್ಚ್‌ವರೆಗೆ ಹತ್ತು ಕೊಲೆ ಮಾಡಿದವರು ಅಭಿನವ ಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು. ಮೊದಲ ಬಲಿ ಸಹಪಾಠಿಯೇ, ಕಾಲೇಜಿನ ಹಿಂದೆ ಹೋಟೆಲ್ ನಡೆಸುತ್ತಿದ್ದ ಹೆಗ್ಡೆಯವರ ಮಗ. ಒತ್ತೆಹಣಕ್ಕೆಂದು ಕರೆದೊಯ್ದರು, ಆದರೆ ಗುರುತಿನ ಹುಡುಗನನ್ನು ಮನೆಗೆ ಕಳಿಸುವುದು ಹೇಗೆ? ಕೊಂದ ಮೇಲೆ ಹಣ ಕೇಳಿ ಚೀಟಿ ಕಳಿಸಿದರು. ಗುಂಪಿನ ಒಬ್ಬ ಮಾಫಿ ಸಾಕ್ಷಿಯಾದ. ಉಳಿದ ನಾಲ್ವರಿಗೆ 1983ರ ನವೆಂಬರ್ 27ರಂದು ಯೆರವಡಾದಲ್ಲಿ ನೇಣಾಯಿತು.

ಇನ್ನು, "ನಾನು ಒಳಗೇ ಹೋಗಿಲ್ಲ, ಬೈಕ್ ಚಾಲೂ ಇಟ್ಟು ರಸ್ತೆಯಲ್ಲಿ ನಿಂತಿದ್ದೆ" ಅನ್ನುವ ಸ್ನೇಹಿತ. ಐದು ಮಂದಿ ಕೂಡಿದರೆ ಕಾನೂನಿನಲ್ಲಿ ಅದು ಡಕಾಯಿತಿ. ಆಗ ಒಬ್ಬ ಕೊಲೆ ಮಾಡಿದರೂ ಐವರಿಗೂ ಮರಣದಂಡನೆ ಅಥವಾ ಜೀವಾವಧಿ ಕೊಡಬಹುದು. ಇಲ್ಲವಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸಜೆ. ಹಳೆಯ ಐಪಿಸಿಯಲ್ಲಿ 396ನೇ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 310. ಡಕಾಯಿತಿಗೆಂದು ಸುಮ್ಮನೆ ಸೇರಿದ್ದೂ ಅಪರಾಧವೇ. ಬಾರಿನಲ್ಲಿ ಕೂತು ಸ್ಕೆಚ್ ಹಾಕುವಾಗ ಯಾರೂ ಇದನ್ನು ಹೇಳುವುದಿಲ್ಲ.

ಎಲ್ಲದರ ಬುಡ ಸಾಲ. ಓಸಿ, ಐಪಿಎಲ್ ಬೆಟ್ಟಿಂಗ್, ಹೋರಿ ಹಬ್ಬದ ಬಾಜಿ, ಕಂತು ಕಟ್ಟದ ಬೈಕು. ಅಪ್ಪನಿಗೆ ಹೇಳಿದರೆ ಹೊಡೆಯಬಹುದು, ಹೊಡೆಸಿಕೋ. ಅರ್ಧ ಎಕರೆ ಮಾರಬೇಕಾಗಬಹುದು. ಊರು ನಾಲ್ಕು ದಿನ ನಗುತ್ತದೆ. ಬಡ್ಡಿಯವನು ಮನೆಮುಂದೆ ಗಲಾಟೆ ಮಾಡಿದರೆ ಅವನನ್ನು ಹಿಡಿಯಲು 2025ರಲ್ಲಿ ಬಂದ ಕಾಯ್ದೆ ಇದೆ. ಸಾಲ ವಸೂಲಿಗೆ ಹಿಂಸೆ ಕೊಟ್ಟವನಿಗೆ ಹತ್ತು ವರ್ಷದವರೆಗೆ ಜೈಲು. ಶಿಕಾರಿಪುರದಲ್ಲೂ ಸೊರಬದಲ್ಲೂ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಬಡವರಿಗೆ ಅಲ್ಲಿ ವಕೀಲರ ಫೀಜಿಲ್ಲ. ಒಬ್ಬನೇ ಹೋಗಲು ನಾಚಿಕೆಯಾದರೆ ನನ್ನನ್ನು ಕರಿ, ಜೊತೆಗೆ ಬರುತ್ತೇನೆ. ಎಷ್ಟು ಸಾಲ, ಯಾಕೆ ಮಾಡಿದೆ ಅಂತ ದಾರಿಯಲ್ಲಿ ಕೇಳುವುದೂ ಇಲ್ಲ.