ಅನ್ನದ ಎದುರಿನಲ್ಲಿ ನಾಯಿ

ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿದ್ದಾಗ, ದೇವಶುನಿಯಾದ ಸರಮೆಯ ಮಗನು ಯಜ್ಞಶಾಲೆಯ ಬಳಿಗೆ ಬಂದು, ರಾಜನ ಸಹೋದರರಿಂದ ಪೆಟ್ಟು ತಿಂದು, ಅಳುತ್ತ ತಾಯಿಯ ಬಳಿಗೆ ಓಡಿದ ಪ್ರಸಂಗವೊಂದು ಮಹಾಭಾರತದ ಆದಿಪರ್ವದಲ್ಲುಂಟು. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎಂದು ಆ ಮರಿ ಹೇಳಿಕೊಳ್ಳುತ್ತದೆ. ತಪ್ಪು ಮಾಡದವನನ್ನು ಹೊಡೆದುದೇಕೆಂದು ಸರಮೆ ಬಂದು ಕೇಳಿದರೆ ಅವರಲ್ಲಿ ಒಬ್ಬರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಆಕೆ ಶಪಿಸುತ್ತಾಳೆ. ಅನ್ನದ ಸಮೀಪದಲ್ಲಿ ನಾಯಿಯನ್ನು ಕಂಡೊಡನೆ ಮನುಷ್ಯನ ಕೈ ಕೋಲಿನತ್ತ ಹೋಗುವುದು ಎಷ್ಟು ಪ್ರಾಚೀನವಾದ ಅಭ್ಯಾಸವೆಂಬುದು ಈ ಕಥೆಯಿಂದ ನನಗೆ ಮನದಟ್ಟಾಯಿತು.

ಎಮ್ಮಿಗನೂರಿಗೂ ಮಂತ್ರಾಲಯಕ್ಕೂ ನಡುವಣ ನಮ್ಮ ನಂದವರಂ ಸೀಮೆಯಲ್ಲಿ, 2009ರ ಅಕ್ಟೋಬರಿನ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನೂ ದಂಡೆಯ ಊರುಗಳನ್ನೂ ಮುಳುಗಿಸಿ ಇಳಿದ ಮೇಲೆ, ದಿಕ್ಕಿಲ್ಲದ ನಾಯಿಗಳು ಕೆಸರುಗದ್ದೆಗಳಲ್ಲಿ ಅಲೆಯುತ್ತಿದ್ದವು. ಪಕ್ಕೆಲುಬುಗಳನ್ನು ಎಣಿಸಬಹುದಾಗಿದ್ದ ಅಂಥದೊಂದು ಕಪ್ಪು ಮರಿ ನಮ್ಮ ಅಂಗಳಕ್ಕೆ ಬಂದು ಅಲ್ಲೇ ನೆಲೆಯೂರಿತು. ಅದಕ್ಕೆ ಕರಿಯನೆಂದು ಹೆಸರಾಯಿತು. ಸ್ವಭಾವತಃ ಸೌಮ್ಯವಾದ ಆ ಪ್ರಾಣಿ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯ ತಟ್ಟೆಯನ್ನು ಮುಂದಿಟ್ಟ ಕ್ಷಣದಿಂದ ಅದು ಬರಿದಾಗುವವರೆಗೆ ಬೇರೊಂದು ಜೀವವೇ ಆಗಿಬಿಡುತ್ತಿತ್ತು. ಮನೆಯ ಹಿರಿಯರು ಇದನ್ನು ಕೃತಘ್ನತೆಯೆಂದು ಬಗೆದರು. ಎರಡು ಬಾರಿಸಿದರೆ ಸರಿಹೋದೀತೆಂಬುದು ಅವರ ಅಭಿಪ್ರಾಯವಾಗಿತ್ತು.

ನಾನು ದೂರದಲ್ಲಿ ಕುಳಿತು ಅದು ಉಣ್ಣುವುದನ್ನೇ ನೋಡತೊಡಗಿದೆನು. ಯಾರಾದರೂ ಹತ್ತಿರ ಸುಳಿದರೆ ಮೊದಲು ಉಣ್ಣುವ ವೇಗ ಹೆಚ್ಚುತ್ತಿತ್ತು; ಇನ್ನೂ ಸಮೀಪಿಸಿದರೆ ತಲೆ ತಟ್ಟೆಯ ಮೇಲೆ ಬಾಗಿ, ಬಾಯಿ ಚಲಿಸದೆ ನಿಂತು, ಬೆನ್ನೆಲ್ಲ ಸೆಟೆದುಕೊಳ್ಳುತ್ತಿತ್ತು; ಆಮೇಲೆ ಮುಖವನ್ನೆತ್ತದೆಯೇ ಕಣ್ಣು ಮಾತ್ರ ಓರೆಯಾಗಿ ತಿರುಗಿ ಅದರ ಬಿಳಿಯ ಅಂಚು ಕಾಣುತ್ತಿತ್ತು; ತುಟಿ ತುಸುವೇ ಮೇಲೇರುತ್ತಿತ್ತು; ಇಷ್ಟೆಲ್ಲ ಆದ ನಂತರವೇ ಗುರ್ರೆಂಬ ಧ್ವನಿ ಹೊರಡುತ್ತಿತ್ತು. ನಾಯಿ ಇದ್ದಕ್ಕಿದ್ದಂತೆ ಕಚ್ಚಿತೆಂದು ಹೇಳುವವರು ಈ ಸೋಪಾನಗಳಲ್ಲಿ ಒಂದನ್ನೂ ಕಂಡಿರುವುದಿಲ್ಲ.

ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಬರುತ್ತಿದ್ದ ವೃದ್ಧ ಕುರುಬನೊಬ್ಬನನ್ನು ನಾವೆಲ್ಲ ತಾತನೆಂದೇ ಕರೆಯುತ್ತಿದ್ದೆವು. ಆತ ಕರಿಯನನ್ನು ಒಮ್ಮೆ ನೋಡಿ, “ಅದಕ್ಕ ಸಿಟ್ಟಲ್ಲಪ್ಪ, ಅಂಜಿಕಿ. ಕಸಗೊಂತಾರಂತ ಹೇಳಾಕತ್ತೈತಿ, ಹೇಳ್ಲಿ ಬಿಡು. ಹೇಳೋ ಬಾಯಿ ಬಡದ್ರ, ಹೇಳದಂಗ ಕಚ್ತೈತಿ,” ಎಂದನು. ಕುರಿಹಿಂಡಿನ ಕಾವಲಿನಲ್ಲಿ ಆಯುಷ್ಯವನ್ನೆಲ್ಲ ಕಳೆದ ಆತನ ಮಾತು, ಇಂದಿನ ಪ್ರಾಣಿವರ್ತನೆಯ ತಜ್ಞರು ಹೇಳುವುದಕ್ಕಿಂತ ಭಿನ್ನವಲ್ಲ. ಗುರುಗುಟ್ಟುವಿಕೆಯು ಎಚ್ಚರಿಕೆ, ದಂಡನೆಯಿಂದ ಅಡಗುವುದು ಎಚ್ಚರಿಕೆಯೇ ಹೊರತು ಅದರ ಹಿಂದಿರುವ ಭಯವಲ್ಲ.

ತಾತನ ಉಪಾಯವು ಸರಳವಾಗಿದ್ದರೂ ಅಪಾರ ತಾಳ್ಮೆಯನ್ನು ಬೇಡುವಂಥದು. ನಾಯಿ ಉಣ್ಣುವಾಗ, ಅದರ ಮೈ ಇನ್ನೂ ಸೆಟೆಯದಷ್ಟು ದೂರದಲ್ಲಿ ನಿಂತು, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದುದೊಂದನ್ನು, ಬೇಯಿಸಿದ ಮೊಟ್ಟೆಯ ಚೂರನ್ನೋ ಒಣಮಾಂಸದ ತುಣುಕನ್ನೋ, ಅದರತ್ತ ಎಸೆದು ಹಿಂದಿರುಗಿಬಿಡಬೇಕು. ನಮ್ಮನ್ನು ಕಂಡಾಗ ಅದರ ಬಾಲ ಸಡಿಲವಾಗಿ ಅಲ್ಲಾಡುವವರೆಗೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಹೀಗೆ ದೂರವು ಕ್ರಮೇಣ ಕುಗ್ಗಿ, ಚೂರುಗಳು ತಟ್ಟೆಯೊಳಕ್ಕೇ ಬಿದ್ದು, ಕೊನೆಗೆ ಕೈ ತಟ್ಟೆಯ ಬಳಿಗೆ ಬಂದರೂ ನಾಯಿ ತಲೆಯೆತ್ತಿ ನಿರೀಕ್ಷೆಯಿಂದ ನೋಡುವಂತಾಗುತ್ತದೆ. ಬರುವ ಕೈ ಕಸಿದುಕೊಳ್ಳುವುದಕ್ಕಲ್ಲ, ಕೊಡುವುದಕ್ಕೆ ಎಂಬ ವಿಶ್ವಾಸವು ಅದರ ದೇಹದಲ್ಲೇ ಬೇರೂರಬೇಕು. ಕರಿಯನಲ್ಲಿ ಅದು ಬೇರೂರಲು ಮಳೆಗಾಲವೊಂದು ಕಳೆಯಬೇಕಾಯಿತು.

ಇದರ ಶಾಸ್ತ್ರೀಯ ಮರ್ಮವನ್ನು ಅರಿತವನು ರಷ್ಯದ ಇವಾನ್ ಪಾವ್ಲೋವ್. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆತನ ಪ್ರಯೋಗಶಾಲೆಯಲ್ಲಿ, ಆಹಾರವು ಬಾಯಿಗೆ ತಲುಪುವ ಮೊದಲೇ, ಅದರ ಆಗಮನವನ್ನು ಸೂಚಿಸುವ ಚಿಹ್ನೆಗಳಿಗೇ ನಾಯಿಗಳ ಲಾಲಾರಸವು ಸ್ರವಿಸುತ್ತಿತ್ತು. ಒಲೆಯ ಮುಂದೆ ತಾಯಿ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕರಿಯನ ಬಾಯಿಂದ ನೂಲಿನಂತೆ ಜೊಲ್ಲು ಇಳಿಯುತ್ತಿದ್ದುದೂ ಇದೇ ನಿಯಮಕ್ಕೆ ಒಳಪಟ್ಟಿದ್ದಿತು. ಇದು ದುರಾಶೆಯಲ್ಲ, ನಾಯಿಯ ಇಚ್ಛೆಗೂ ಅಧೀನವಲ್ಲ. ಅಂತೆಯೇ, ಸಮೀಪಿಸುವ ಹೆಜ್ಜೆಯ ಸದ್ದಿಗೆ ಹುಟ್ಟುವ ಭಯವೂ ಅದರ ಇಚ್ಛೆಯಿಂದ ಹುಟ್ಟುವುದಲ್ಲ.

ಒಡೆಯನು ಉಂಡ ಮೇಲೆಯೇ ನಾಯಿಗೆ ಇಡಬೇಕು, ಇಲ್ಲವಾದರೆ ಅದು ತಾನೇ ಒಡೆಯನೆಂದು ಭಾವಿಸುತ್ತದೆ ಎಂಬ ಉಪದೇಶವನ್ನು ನಾನು ಅನೇಕರಿಂದ ಕೇಳಿದ್ದೇನೆ. ಈ ಭಾವನೆಗೆ ಆಧಾರವಾದುದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಬಂಧನದ ತೋಳಗಳನ್ನು ಕುರಿತು ಪ್ರಕಟಿಸಿದ ಅಧ್ಯಯನ; ಆದರೆ ಕಾಡಿನ ತೋಳಗಳ ಗುಂಪೆಂದರೆ ತಂದೆತಾಯಿಗಳೂ ಅವರ ಮಕ್ಕಳೂ ಕೂಡಿದ ಸಂಸಾರವೇ ಎಂದು ಡೇವಿಡ್ ಮೀಚ್ 1999ರಲ್ಲಿ ಸ್ಪಷ್ಟಪಡಿಸಿದನು. ನಮ್ಮ ನಾಡಿನಲ್ಲಂತೂ ಇದಕ್ಕೆ ವಿಪರೀತವಾದ ನಿದರ್ಶನವೇ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಾಸನವು, ಗಂಗರಾಜನಾದ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ತಿಳಿಸುವುದಲ್ಲದೆ, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವುಂಟೆಂದೂ ವಿಧಿಸುತ್ತದೆ. ಅಲ್ಲಿ ನಾಯಿಗೆ ಸಲ್ಲಬೇಕಾದುದು ಸಂದ ಮೇಲೆಯೇ ಮನುಷ್ಯನ ಊಟ.

ಭಯವು ಅಳಿದ ಮೇಲೆ ವಿಧೇಯತೆಯ ಪಾಠ ಸುಲಭವಾಯಿತು. “ಕೂಡ್ರು” ಎಂದಾಗ ಹಿಂಭಾಗವು ನೆಲಕ್ಕೆ ತಾಗಿದ ಆ ಕ್ಷಣದಲ್ಲೇ ಚೂರು ಬಾಯಿಗೆ ಬೀಳಬೇಕು. ತಡಮಾಡಿದರೆ, ಅಷ್ಟರಲ್ಲಿ ಅದು ಎದ್ದುನಿಂತಿದ್ದರೆ, ಏಳುವುದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ಚೂರು ಕಡಲೆಕಾಳಿಗಿಂತ ದೊಡ್ಡದಿರಬೇಕಾಗಿಲ್ಲ. ಪಾಠಕ್ಕೆ ಊಟದ ಮುಂಚಿನ ಹೊತ್ತು ಪ್ರಶಸ್ತವೆಂಬುದು ನಿಜ. ಆದರೆ ಕಲಿಯಲೆಂದು ನಾಯಿಯನ್ನು ಉಪವಾಸ ಕೆಡವುವುದು, ಅದರಲ್ಲಿಯೂ ಹಸಿವಿನಿಂದಲೇ ಭಯವನ್ನು ಕಲಿತ ಪ್ರಾಣಿಯನ್ನು ಕೆಡವುವುದು, ಕ್ರೌರ್ಯವೆಂದೇ ನನ್ನ ಮತ. “ಬಿಡು” ಎಂಬುದನ್ನು ವಿನಿಮಯದಿಂದ ಕಲಿಸಿದೆವು: ಬಾಯಲ್ಲಿರುವುದನ್ನು ಬಿಟ್ಟರೆ ಅದಕ್ಕಿಂತ ಉತ್ತಮವಾದುದು ದೊರೆಯುತ್ತಿತ್ತು, ಎಷ್ಟೋ ಸಲ ಬಿಟ್ಟುದೂ ಮರಳಿ ದೊರೆಯುತ್ತಿತ್ತು.

ಈರುಳ್ಳಿ ಬೆಳೆಯುವ ನಮ್ಮ ಕರ್ನೂಲು ಸೀಮೆಯವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಹಸಿಯಾಗಲಿ ಬೆಂದುದಾಗಲಿ, ಈರುಳ್ಳಿಯು ನಾಯಿಯ ರಕ್ತದ ಕೆಂಪುಕಣಗಳನ್ನು ನಾಶಮಾಡುತ್ತದೆ. ಉಳಿದ ಸಾರನ್ನು ರೊಟ್ಟಿಗೆ ಸುರಿದು ಇಡುವ ರೂಢಿಯನ್ನು ಬಿಡುವುದು ಒಳ್ಳೆಯದು. ರೊಟ್ಟಿಯಿಂದ ಬಾಧೆಯಿಲ್ಲ, ಪಿಷ್ಟವನ್ನು ಜೀರ್ಣಿಸಲು ನೆರವಾಗುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ.

ಇಷ್ಟಾದರೂ, ಹಬ್ಬಕ್ಕೆ ನೆಂಟರ ಮಕ್ಕಳು ಬಂದಾಗ ಕರಿಯನ ತಟ್ಟೆಯನ್ನು ಕೊಟ್ಟಿಗೆಯೊಳಗಿಟ್ಟು, ಅದು ಉಂಡು ಮುಗಿಸುವವರೆಗೆ ಬಾಗಿಲನ್ನು ಮುಂದೆ ಮಾಡುವುದನ್ನು ನಾವು ಎಂದೂ ತಪ್ಪಿಸಲಿಲ್ಲ. ಮಗುವಿಗೆ ಸೋಪಾನಗಳನ್ನು ಓದಲು ಬಾರದು. ಎಂದಾದರೂ ಯಾವ ನಾಯಿಯಾದರೂ ಕಚ್ಚಿದರೆ, ಗಾಯಕ್ಕೆ ಸುಣ್ಣವನ್ನೋ ಮೆಣಸಿನಪುಡಿಯನ್ನೋ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯನ್ನು ಆರಂಭಿಸಬೇಕೆಂದು ಮನೆಯವರಿಗೆಲ್ಲ ತಿಳಿಸಿದ್ದೆನು.