ಗುಡ್ಡದ ಓಟ: ನೀರು ಎಷ್ಟು, ಮಾತ್ರೆ ಬೇಕೆ?

ಪ್ರಶ್ನೆ: ನನಗೆ 43 ವರ್ಷ. ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ಓಡಬೇಕೆಂದಿದ್ದೇನೆ. ರಸ್ತೆಯಲ್ಲಿ 21 ಕಿ.ಮೀ. ಓಡಿ ಅಭ್ಯಾಸವಿದೆ, ಗುಡ್ಡ, ಕಾಫಿ ತೋಟದ ದಾರಿ ಹೊಸದು. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ನೀರು ಕುಡಿ, ಹೊರಡುವ ಮುಂಚೆ ಒಂದು ನೋವಿನ ಮಾತ್ರೆ ನುಂಗಿಬಿಡು ಎನ್ನುತ್ತಾರೆ ಜೊತೆಯವರು. ಹಾಗೆ ಮಾಡಬಹುದೇ ಡಾಕ್ಟ್ರೇ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಎರಡು ಸಲಹೆಗಳೂ ಕೊನೆಗೆ ಭಾರ ಹೊರಿಸುವುದು ಮೂತ್ರಪಿಂಡದ ಮೇಲೆಯೇ. ಗಂಟೆಗಟ್ಟಲೆ ದಣಿದಾಗ, ನೋವು, ವಾಕರಿಕೆ ಇದ್ದಾಗ ದೇಹದಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಏರುತ್ತದೆ. ಅದು ನೀರನ್ನು ಹೊರಗೆ ಬಿಡಬೇಡ ಎಂದು ಮೂತ್ರಪಿಂಡಕ್ಕೆ ಕೊಡುವ ಅಪ್ಪಣೆ. ಆ ಹೊತ್ತಿನಲ್ಲಿ ಬೇಕಿಲ್ಲದ ನೀರು ಸುರಿದುಕೊಂಡರೆ ಅದು ಒಳಗೇ ನಿಂತು, ನೀರು ಹೆಚ್ಚಾದ ಸಾರಿನ ಹಾಗೆ ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ದಕ್ಷಿಣ ಆಫ್ರಿಕಾದ ಡಾ. ಟಿಮ್ ನೋಕ್ಸ್ ಮತ್ತು ಸಂಗಡಿಗರು ದೂರದ ಓಟಗಾರರಲ್ಲಿ ಇದನ್ನು ಗುರುತಿಸಿ ಬರೆದದ್ದು 1985ರಲ್ಲಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಿತ್ತು. ಮೂವರದು ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಸೋಡಿಯಂ ಇಳಿದವರಲ್ಲಿ ಎದ್ದು ಕಂಡ ಲಕ್ಷಣವೆಂದರೆ ಓಟದಲ್ಲಿ ತೂಕ ಇಳಿಯುವ ಬದಲು ಏರಿದ್ದು, ನಾಲ್ಕು ಗಂಟೆಗೂ ಹೆಚ್ಚು ಕಾಲ ಓಡಿದ್ದು. ಅಂದರೆ ಅಪಾಯ ಹೆಚ್ಚು ಇರುವುದು ಮುಂದೆ ಓಡುವ ವೇಗಿಗಳಿಗಲ್ಲ, ನಿಧಾನವಾಗಿ ಬಂದು ಪ್ರತಿ ನೀರಿನ ಮೇಜಿನ ಮುಂದೂ ನಿಲ್ಲುವ ನಮ್ಮ ನಿಮ್ಮಂಥವರಿಗೆ. ಗುಡ್ಡದಲ್ಲಿ 50 ಕಿ.ಮೀ. ಎಂದರೆ ಹೊಸಬರಿಗೆ ಎಂಟು ಗಂಟೆಗೂ ಮಿಕ್ಕಬಹುದು.

ನೀರು ಕಡಿಮೆಯಾದರೆ ಉಷ್ಣಾಘಾತ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಮೈ ಕಾಯುವುದು ಮುಖ್ಯವಾಗಿ ಓಟದ ರಭಸದಿಂದ ಮತ್ತು ಹೊರಗಿನ ಸೆಕೆಯಿಂದ. ಏರಿನಲ್ಲಿ ನಡೆಯುತ್ತ, ತೋಟದ ನೆರಳಲ್ಲಿ ಸಾಗುವವರಿಗೆ ಆ ಭಯ ಕಡಿಮೆ. ಉದ್ದ ಓಟದಲ್ಲಿ ಕಿಲೋ, ಒಂದೂವರೆ ಕಿಲೋ ತೂಕ ಇಳಿಯುವುದು ಸಹಜ, ಅದರಲ್ಲಿ ಉರಿದುಹೋದ ಕೊಬ್ಬು, ಶರ್ಕರದ ಪಾಲೂ ಇದೆ. ಬಾಯಾರಿಕೆ ತಡವಾಗಿ ಬರುತ್ತದೆ ಎಂಬ ಮಾತನ್ನು ಪಾನೀಯದ ಜಾಹೀರಾತುಗಳು ಚೆನ್ನಾಗಿ ಹಬ್ಬಿಸಿವೆ. ಆರೋಗ್ಯವಂತ ವಯಸ್ಕರಿಗೆ ಬಾಯಾರಿಕೆ ನಂಬಬಹುದಾದ ಸೂಚಕವೇ. ಹಾಗಾದರೆ ನೀರಿನ ಬದಲು ಕ್ರೀಡಾ ಪಾನೀಯ ಕುಡಿಯೋಣವೇ? ರಕ್ತದಲ್ಲಿ ಲೀಟರಿಗೆ 140 ಮಿಲಿಮೋಲ್ ಸೋಡಿಯಂ ಇದ್ದರೆ, ಅಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ 20ರ ಆಸುಪಾಸು. ಓಆರ್‌ಎಸ್‌ನಲ್ಲಿ ಕೂಡ 75. ಅತಿಯಾಗಿ ಕುಡಿದರೆ ಇವೂ ರಕ್ತವನ್ನು ತೆಳುಮಾಡುತ್ತವೆ. ಬೋಸ್ಟನ್‌ನಲ್ಲಿ ಬರೀ ನೀರು ಕುಡಿದವರಿಗೂ ಇತರರಿಗೂ ವ್ಯತ್ಯಾಸ ಕಾಣಲಿಲ್ಲ.

ಇನ್ನು ಮಾತ್ರೆ. ಗುಡ್ಡದ ಓಟದಲ್ಲಿ ಉಸಿರು ಕಟ್ಟುವುದು ಏರಿನಲ್ಲಾದರೂ ಸ್ನಾಯು ಹರಿಯುವುದು ಇಳಿಜಾರಿನಲ್ಲಿ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಎಳೆಯಲ್ಪಡುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಹೀಗೆ ಗಾಯಗೊಂಡ ಸ್ನಾಯುವಿನ ಮಯೊಗ್ಲೋಬಿನ್ ರಕ್ತಕ್ಕೆ ಸೇರುತ್ತದೆ, ಅದನ್ನು ಸೋಸಬೇಕಾದದ್ದು ಮೂತ್ರಪಿಂಡ. ಓಟದಲ್ಲಿ ರಕ್ತವೆಲ್ಲ ಕಾಲಿಗೆ, ಚರ್ಮಕ್ಕೆ ಹರಿದು ಮೂತ್ರಪಿಂಡಕ್ಕೆ ಮೊದಲೇ ಕೊರತೆ. ಆಗ ಅದರ ರಕ್ತನಾಳಗಳನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್‌ಗಳು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತಡೆಯುವುದು ಇವನ್ನೇ. ಸಾಲದ್ದಕ್ಕೆ ಈ ಮಾತ್ರೆಗಳು ವ್ಯಾಸೊಪ್ರೆಸಿನ್‌ನ ಪರಿಣಾಮವನ್ನೂ ಹೆಚ್ಚಿಸಿ ನೀರು ಇನ್ನಷ್ಟು ಒಳಗೇ ನಿಲ್ಲುವಂತೆ ಮಾಡುತ್ತವೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 80 ಕಿ.ಮೀ. ಓಡುವಾಗ ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ 52, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 34 ಮಂದಿಗೆ ಮೂತ್ರಪಿಂಡಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದಿತ್ತು. ಇದ್ದವರು 89 ಮಂದಿ ಮಾತ್ರ, ಹಾಗಾಗಿ ಇದನ್ನೇ ಕೊನೆಯ ಮಾತೆನ್ನಲಾಗದು. ಮಾತ್ರೆ ನುಂಗಿ ಓಡಿದವರು ಬಹಳ ಜನ ಚೆನ್ನಾಗಿಯೇ ಇದ್ದಾರಲ್ಲ ಎಂಬ ವಾದವೂ ನಿಜ. ಹೆಚ್ಚಿನವರ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ಆದರೆ ಸ್ನಾಯುನೋವು ತಪ್ಪಿಸಲು ಬೇರೆ ದಾರಿಯಿರುವಾಗ ಈ ಜೂಜು ಏಕೆ? ಓಟಕ್ಕೆ ಮುಂಚಿನ ಒಂದೆರಡು ತಿಂಗಳು ವಾರಕ್ಕೊಮ್ಮೆ ಇಳಿಜಾರಿನಲ್ಲಿ ಸಣ್ಣ ಹೆಜ್ಜೆಯಿಟ್ಟು ಓಡಿ. ಒಮ್ಮೆ ಇಳಿದು ನೊಂದ ಸ್ನಾಯು ಮುಂದಿನ ಸಲ ಅಷ್ಟು ಹರಿಯುವುದಿಲ್ಲ. ಇದು ಚೆನ್ನಾಗಿ ಸಾಬೀತಾದ ಸಂಗತಿ.

ದಾರಿಯಲ್ಲಿ ಬಾಯಾರಿದಾಗ ಕುಡಿಯಿರಿ, ಹಸಿದಾಗ ಉಪ್ಪಿನ ತಿಂಡಿ ತಿನ್ನಿ. ಬೆರಳ ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗಿ ತಲೆನೋವು, ವಾಂತಿ ಶುರುವಾದರೆ ನೀರು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಾತು ತೊದಲುವ ಓಟಗಾರರಿಗೆ ನೀರು ಕುಡಿಸಬೇಡಿ, ಸೋಡಿಯಂ ನೋಡದೆ ಡ್ರಿಪ್ ಹಾಕಿಸಬೇಡಿ. ಓಟದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅಥವಾ ಅರ್ಧ ದಿನವಾದರೂ ಬರದಿದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಸಕ್ಕರೆ ಕಾಯಿಲೆಯಿದ್ದರೆ, ಓಟಕ್ಕೆ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ನಿಮ್ಮ ವೈದ್ಯರನ್ನು ಕಾಣಿ.