ಬೇಸಿಗೆಯ ವರದಿ, ಮಳೆಗಾಲದ ಹಳ್ಳ

ಪರಿಸರ ಯೋಜನೆ ಮತ್ತು ಪರಿಣಾಮ ಮೌಲ್ಯಮಾಪನ ಓದಲು ವಿಶ್ವವಿದ್ಯಾಲಯಕ್ಕೆ ಹೋದವರಿಗೆ ಮೊದಲು ಸಿಗುವುದು ಅಮೆರಿಕ. ಅಲ್ಲಿನ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ, 1971ರ ಲಿಯೊಪೋಲ್ಡ್ ಕೋಷ್ಟಕ, ಆಮೇಲೆ ರಿಯೊ ಸಮಾವೇಶ. ಕೋಷ್ಟಕದ ಒಂದು ಬದಿಗೆ ಯೋಜನೆಯ ಕೆಲಸಗಳು, ಇನ್ನೊಂದು ಬದಿಗೆ ನೆಲ, ನೀರು, ಗಾಳಿ, ಜೀವಜಾಲ; ಎರಡೂ ಕೂಡುವ ಮನೆಗಳಲ್ಲಿ ಒಂದರಿಂದ ಹತ್ತರವರೆಗೆ ಅಂಕ. ಪರೀಕ್ಷೆ ಬರೆಯಲು ಇಷ್ಟು ಸಾಕು. ಶಿಗ್ಗಾಂವಿ ತಾಲೂಕಿನ ದುಂಡಸಿ ಕಡೆಯಿಂದ ಹೋದ ನನಗೆ ಈ ಶಾಸ್ತ್ರ ನಿಜಕ್ಕೂ ಅರ್ಥವಾಗತೊಡಗಿದ್ದು ಪಕ್ಕದ ಹಾನಗಲ್ ತಾಲೂಕಿನ ಕುಸನೂರಿನ ಕಥೆ ಓದಿದಾಗ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಭೂಮಿಯನ್ನು 40 ವರ್ಷ ಅದಕ್ಕೆ ಕೊಡುವುದೆಂದಾಯಿತು. ಅವೆಲ್ಲ ಕಂದಾಯ ದಾಖಲೆಯಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಜಮೀನು. ಊರವರು ದನ ಮೇಯಿಸುವುದು, ಕಟ್ಟಿಗೆ, ಹುಲ್ಲು ತರುವುದು ಅಲ್ಲಿಂದಲೇ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಅದರ ಮುಂಚೂಣಿಯಲ್ಲಿ ಎಸ್.ಆರ್. ಹಿರೇಮಠ, ಈ ಒಪ್ಪಂದದ ವಿರುದ್ಧ ನಿಂತರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕಿತ್ತು, ಮೇವಿಗೆ, ಹಣ್ಣಿಗೆ, ಉರುವಲಿಗೆ ಆಗುವ ಗಿಡ ಹಚ್ಚಿದರು. 1991ರ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು.

ಭಾರತದಲ್ಲಿ ಪರಿಣಾಮ ಮೌಲ್ಯಮಾಪನ ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ. ಅಂದರೆ, ಯೋಜನೆಯೊಂದು ಬಂದರೆ ಯಾರ ಬದುಕು ಎಷ್ಟು ಕದಲುತ್ತದೆ ಎಂಬ ಲೆಕ್ಕವನ್ನು ಹಾನಗಲ್ಲಿನ ರೈತರು ಕಾನೂನಿಗಿಂತ ಮೊದಲೇ ಹಾಕಿದ್ದರು. ನನ್ನನ್ನು ಕೇಳಿದರೆ, ಪಠ್ಯದ ಮೊದಲ ಅಧ್ಯಾಯ ಲಿಯೊಪೋಲ್ಡ್ ಅಲ್ಲ, ಕುಸನೂರು ಆಗಬೇಕು.

ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಯೋಜನೆಯ ವರ್ಗ ನಿರ್ಧಾರ, ಅಧ್ಯಯನದ ವ್ಯಾಪ್ತಿ ಗೊತ್ತುಮಾಡುವುದು, ಸಾರ್ವಜನಿಕ ಸಮಾಲೋಚನೆ, ತಜ್ಞರ ಪರಿಶೀಲನೆ ಎಂದು ನಾಲ್ಕು ಹಂತ. ‘ಎ’ ವರ್ಗವಾದರೆ ಕಡತ ದೆಹಲಿಗೆ, ‘ಬಿ’ ಆದರೆ ರಾಜ್ಯದ ಪ್ರಾಧಿಕಾರಕ್ಕೆ. ‘ಬಿ2’ಗೆ ಬಿದ್ದರೆ ಪರಿಣಾಮ ವರದಿಯೂ ಬೇಡ, ಅಹವಾಲು ಸಭೆಯೂ ಬೇಡ. ಸಣ್ಣ ಕಲ್ಲು ಕ್ವಾರಿ ಎಷ್ಟೋ ಇದೇ ಖಾನೆಗೆ ಸೇರುತ್ತವೆ. ಗುಡ್ಡದ ಸುತ್ತ ಒಂದೊಂದೇ ಕ್ವಾರಿ ಬಂದಾಗ ಎಲ್ಲ ಕೂಡಿ ಏನಾದೀತು ಎಂದು ಕೇಳುವ ಹೊಣೆ ಕೊನೆಗೆ ಊರವರ ತಲೆಗೇ ಬರುತ್ತದೆ.

ಓದಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬುನಾದಿ ಮಾಹಿತಿಯ ಅಧ್ಯಾಯ. ಯೋಜನೆ ಬರುವ ಮುಂಚೆ ಅಲ್ಲಿನ ನೀರು, ಗಾಳಿ, ಸದ್ದು, ಗಿಡ, ಪ್ರಾಣಿ ಹೇಗಿವೆ ಎಂದು ಅಳೆದಿಡಬೇಕು; ಮುಂದಿನ ಊಹೆಯೆಲ್ಲ ಅದರ ಮೇಲೆ ನಿಲ್ಲುತ್ತದೆ. ಎಷ್ಟೋ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಕೊಟ್ಟರೆ ನಡೆಯುತ್ತದೆ. ವಿದ್ಯಾರ್ಥಿಗಳದೂ ಅದೇ ಹಣೆಬರಹ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಬೀಳುವುದು ಬಿರುಬೇಸಿಗೆಗೆ. ಬಾಟಲಿ ಹಿಡಿದು ನೀರಿನ ಮಾದರಿಗೆ ಹೋದರೆ ಹಳ್ಳದಲ್ಲಿ ಬರೀ ಉಸುಕು.

ದುಂಡಸಿಯಂಥ ಊರಲ್ಲಿ ಇದು ಸಣ್ಣ ಕೊರತೆಯಲ್ಲ. ಪಡುವಣಕ್ಕೆ ಮುಂಡಗೋಡದ ಕಾಡು, ಮೂಡಣಕ್ಕೆ ಹೋದಂತೆ ಸವಣೂರಿನ ಬಯಲು. ಮಳೆಯೂ ಅದೇ ದಾರಿಯಲ್ಲಿ ತೆಳುವಾಗುತ್ತ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಕೆರೆಯಂಗಳ ಜುಲೈ ದಾಟುವಷ್ಟರಲ್ಲಿ ತುಂಬಿ, ಕೆಳಗಿನ ಗದ್ದೆಗೆ ನೀರು ಬಿಡುತ್ತಿರುತ್ತದೆ. ಒಣ ಹಳ್ಳದ ದಂಡೆಯಲ್ಲಿ ನಮ್ಮನ್ನು ಕಂಡ ಹಿರಿಯರೊಬ್ಬರು ನಕ್ಕಿದ್ದರು: “ಈಗ ಬಂದ್ರ ಏನ್ ಕಾಣತೈತಿ ತಮ್ಮಾ? ಮಳಿ ಹಿಡದ ಮ್ಯಾಲ ಬಾ, ನೀರು ಎಲ್ಲಿತನಾ ಬರತೈತಿ ಅಂತ ನಾ ತೋರಸ್ತೇನಿ.” ನೀರು ಏರುವ ಗುರುತು, ಯಾವ ಬದುವಿನ ಮೇಲೆ ಹರಿಯುತ್ತದೆ, ಯಾವ ಬಾವಿ ಕೊನೆಗೆ ಬತ್ತುತ್ತದೆ, ಎಲ್ಲ ಅವರ ಬಾಯಲ್ಲಿತ್ತು. ಆದರೆ ವರದಿಯ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಪ್ರಯೋಗಾಲಯದ ಪಿಎಚ್ ಬೆಲೆಗೆ ಮಾತ್ರ ದೊಡ್ಡ ಕಾಲಂ.

ಆ ಮಾತು ಕಡತಕ್ಕೆ ಸೇರಲು ಇರುವ ದಾರಿ ಸಾರ್ವಜನಿಕ ಅಹವಾಲು ಸಭೆ. ಅದನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರ ಪ್ರತಿನಿಧಿಯದು. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಕೋರಂ ಇಲ್ಲ, ನಾಲ್ಕೇ ಮಂದಿ ಬಂದರೂ ನಡೆಸಿ ಮುಗಿಸಬಹುದು. ಕೊನೆಯಲ್ಲಿ, ಎದ್ದ ಪ್ರಶ್ನೆಗಳ ಟಿಪ್ಪಣಿಯನ್ನು ನೆರೆದವರ ಮುಂದೆ ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬ ನಿಯಮವೂ ಇದೆ. ಆ ಹೊತ್ತಿಗೆ ಪೆಂಡಾಲಿನಲ್ಲಿ ಯಾರೂ ಉಳಿಯದಿದ್ದರೆ ಬಿಟ್ಟುಹೋದದ್ದನ್ನು ಹಿಡಿಯುವವರಿಲ್ಲ. ಹಾಗಾಗಿ ಊರ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಲಿಖಿತವಾಗಿ ಕೊಡಿ, ಊಟಕ್ಕೆ ಎದ್ದು ಹೋಗಬೇಡಿ. 2020ರ ಕರಡು ಅಧಿಸೂಚನೆ ಆ 30 ದಿನವನ್ನು 20ಕ್ಕೆ ಇಳಿಸಹೊರಟಿತ್ತು. ಮುಂಗಾರಿನ ಬಿತ್ತನೆಯ ನಡುವೆ ನೂರಾರು ಪುಟದ ಇಂಗ್ಲಿಷ್ ವರದಿ ಓದಿಸಿಕೊಳ್ಳಬೇಕಾದ ರೈತನಿಗೆ ಹತ್ತು ದಿನ ಸಣ್ಣದಲ್ಲ.

ತಯಾರಿ ಹೇಗಿರಬೇಕೆಂದು ತೋರಿಸಿಕೊಟ್ಟವರು ಶಿರಸಿಯವರು. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ ಅಲ್ಲಿನ ತೋಟಗಾರರ ಸಹಕಾರಿ ಸಂಘ ವಿಚಾರ ಸಂಕಿರಣ ಕರೆಯಿತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಅಡಿಕೆ ಬೆಳೆಗಾರರು ಒಟ್ಟಿಗೆ ಕೂತು ಮುಳುಗುವ ತೋಟ, ಕಾಡುಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರು. ಯೋಜನೆ ನಿಂತಿತು.

ಅದೇ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾಪ ಈಗ ನಮ್ಮ ಬಾಗಿಲಿಗೆ ಬಂದಿದೆ. ಶಿರಸಿ, ಯಲ್ಲಾಪುರ ಕಡೆಯವರು ಬೇಡ ಎನ್ನುತ್ತಾರೆ, ಹಾವೇರಿಯ ರೈತರು ಬೇಕೇಬೇಕು ಎನ್ನುತ್ತಾರೆ. ಎರಡೂ ಕಡೆ ನೆಂಟರಿರುವ ನಮ್ಮಂಥವರಿಗೆ ಮದುವೆ ಮನೆಯಲ್ಲಿ ಈ ವಿಷಯ ತೆಗೆಯುವುದೇ ಕಷ್ಟ. ಒಂದು ಯೋಜನೆ ಎರಡು ಜಿಲ್ಲೆಗೆ ಹರಡಿದರೆ ಅಹವಾಲು ಸಭೆಯೂ ಜಿಲ್ಲಾವಾರು ನಡೆಯಬೇಕು. ಹಾವೇರಿಯ ಸಭೆಗೆ ನಾನು ಒಯ್ಯುವ ಪ್ರಶ್ನೆ ಋತುವಿನದೇ. 2019ರ ಆಗಸ್ಟ್‌ನಲ್ಲಿ ವರದಾ ತಾನೇ ಉಕ್ಕಿ ಹೊಲಗಳನ್ನು ಮುಳುಗಿಸಿತ್ತು. ಬೇಸಿಗೆಯಲ್ಲಿ ಅದೇ ನದಿ ಸೊರಗುತ್ತದೆ. ಬೇಡ್ತಿಯಲ್ಲಿ ನೀರು ಹೆಚ್ಚಿರುವುದೂ ಮಳೆಗಾಲದಲ್ಲೇ. ಆಗ ತಂದ ನೀರನ್ನು ಮಾರ್ಚ್‌ವರೆಗೆ ಎಲ್ಲಿ ಹಿಡಿದಿಡುತ್ತಾರೆ, ಅದಕ್ಕೆ ಯಾರ ಜಮೀನು ಬೇಕಾಗುತ್ತದೆ, ಅಷ್ಟು ದೂರ ಪಂಪ್ ಮಾಡುವ ಕರೆಂಟಿನ ಬಿಲ್ ಯಾರ ಖಾತೆಗೆ? ಈ ಮೂರಕ್ಕೆ ವರದಿಯಲ್ಲಿ ಮಳೆಗಾಲದ ಅಂಕಿ ಹಿಡಿದೇ ಉತ್ತರ ಬರಬೇಕು.